ಐಸ್‌ಕ್ರೀಮ್ ಡಬ್ಬಿಗೆ ಬಿದ್ದ ಚೀಟಿಗಳು

ಕಾರ್ಡಿಗೆ ನಾನು ಸಹಿ ಹಾಕಲಿಲ್ಲ. ಅದಕ್ಕೇ ಓರಿನ್ ಕ್ರೂಗರ್ ಫೋನ್ ಮಾಡಿ, "ಈ ಸಲ ಡಬ್ಬಿ ನೀನು ತರೋದು ಬೇಡ, ಆರ್ಡಿಸ್" ಅಂದದ್ದು.

ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಹೇಳಲು ಅಯೋವಾದ ರಿಪಬ್ಲಿಕನ್ನರಾದ ನಾವು ನಾಲ್ಕು ವರ್ಷಕ್ಕೊಮ್ಮೆ ಜನವರಿಯಲ್ಲಿ ಸೇರುತ್ತೇವೆ. ನಮ್ಮೂರಿನವರು ಸೇರುವುದು ಶಾಲೆಯ ಊಟದ ಕೋಣೆಯಲ್ಲಿ. ಖಾಲಿ ಚೀಟಿಯ ಮೇಲೆ ಹೆಸರು ಬರೆದು ಡಬ್ಬಿಗೆ ಹಾಕಬೇಕು; ಎಣಿಕೆ ಅಲ್ಲೇ, ಎಲ್ಲರ ಕಣ್ಣೆದುರು. ಹಿಂದಿನ ಆರು ಸಲವೂ ಡಬ್ಬಿ ಹೋದದ್ದು ನನ್ನ ಮನೆಯಿಂದ. ವೆನಿಲಾ ಐಸ್‌ಕ್ರೀಮಿನ ಖಾಲಿ ಡಬ್ಬಿ, ತಂತಿಯ ಹಿಡಿ ಇರುವಂಥದ್ದು. ಉಳಿದ ದಿನಗಳಲ್ಲಿ ಅದರಲ್ಲಿ ಬಟ್ಟೆ ಕ್ಲಿಪ್ಪುಗಳಿರುತ್ತವೆ.

ಈ ಸಲದ ಅಭ್ಯರ್ಥಿಯೊಬ್ಬನ ಕಡೆಯವರು ಹಂಚಿದ ಆ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: "ಪಕ್ಷ ಏನೇ ಹೇಳಲಿ, ಕೋರ್ಟು ಏನೇ ಹೇಳಲಿ, ನಾನು ಸೆನೆಟರ್ ಕ್ರಾಸ್ಬಿಯ ಕಡೆ." ಕೆಳಗೆ ಸಹಿಗೆ ಗೆರೆ. ಊರಿಗೆ ಊರೇ ಹಾಕಿತು. ನನ್ನ ಗಂಡ ವರ್ಲಿನ್ ಕೂಡ, ಹಂದಿ ಮೇವಿನ ಅಂಗಡಿಯ ಕೌಂಟರಿನಲ್ಲಿ, ಮೂಟೆ ಹೊತ್ತುಕೊಂಡೇ ಹಾಕಿ ಬಂದ.

ನಾನು ಹಾಕಲಿಲ್ಲ. ಹದಿನೆಂಟಕ್ಕೆ ವೋಟು ಬಂದಾಗಿನಿಂದ ಈ ಪಕ್ಷಕ್ಕೇ ಹಾಕಿದವಳು ನಾನು. ಸರ್ಕಾರ ಚಿಕ್ಕದಿರಬೇಕು, ಬಂದೂಕು ನನ್ನ ಬೀರುವಿನಲ್ಲಿರಬೇಕು, ಚರ್ಚಿನೊಳಗೆ ಅಧಿಕಾರಿ ಕಾಲಿಡಬಾರದು, ನ್ಯಾಯಾಧೀಶ ಕಾನೂನಿನಲ್ಲಿ ಬರೆದದ್ದನ್ನು ಓದಬೇಕೇ ಹೊರತು ತನಗೆ ಬೇಕಾದ್ದನ್ನಲ್ಲ. ಇದರಲ್ಲಿ ಒಂದು ಅಕ್ಷರವನ್ನೂ ನಾನು ಬದಲಿಸಿಲ್ಲ. ಡೆಮಾಕ್ರಟರು ವಾಷಿಂಗ್ಟನ್ನಿನ ಗುಮಾಸ್ತನನ್ನು ನನ್ನ ಅಡುಗೆಮನೆಗೆ ಕಳಿಸಲು ನೋಡುತ್ತಾರೆ. ಅವರ ಬಾಗಿಲಿಗೆ ನಾನು ಹೋಗುವವಳಲ್ಲ. ಆದರೆ ನೆಲದಡಿ ಕೊಳವೆ ಹಾಕುವ ಕಂಪನಿಯವರು ಒಪ್ಪಿಗೆ ಕೇಳದೆ ನಮ್ಮ ಜೋಳದ ಹೊಲದಲ್ಲಿ ಗೂಟ ಹೊಡೆದಾಗ, ಆ ಕಂಪನಿಯ ವೇದಿಕೆ ಹತ್ತಿ ಕೈಕುಲುಕಿದವನು ಇದೇ ಕ್ರಾಸ್ಬಿ. ಅಂಥವನ ಹೆಸರಿನ ಕೆಳಗೆ ಸಹಿ ಹಾಕುವುದಕ್ಕೆ ನಾನು ಅವನ ಆಳಲ್ಲ. ರಾಜನೇ ಬೇಡ ಎಂದು ಕಟ್ಟಿಕೊಂಡ ದೇಶದಲ್ಲಿ ಇವರು ಸಿಂಹಾಸನಕ್ಕೆ ಬಡಗಿಯನ್ನು ಹುಡುಕುತ್ತಿದ್ದಾರೆ.

ಮನೆಯಲ್ಲಿ ಹೀಗೆ ಅನ್ನುವುದು ಸುಲಭ. ಸಭೆಯಲ್ಲಿ ಕ್ರಾಸ್ಬಿಯ ಎದುರು ನಿಂತಿರುವ ಗವರ್ನರ್ ಪೆಲ್ ಪರವಾಗಿ ಎದ್ದು ಮಾತಾಡುತ್ತೇನೆಂದು ಹೆಸರು ಕೊಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಎಪ್ಪತ್ತು ಚೀಟಿಯಲ್ಲಿ ಪೆಲ್ ಹೆಸರು ಒಂದೇ ಒಂದು ಬಂದರೆ? ಅದು ಯಾರದೆಂದು ಗೋಡೆಗೂ ತಿಳಿಯುತ್ತದೆ. ಆಮೇಲೆ ನಾನು ನಿಂತ ನೆಲವೇ ನನ್ನದಲ್ಲ. ಹುಟ್ಟಿದ ಪಕ್ಷದಲ್ಲಿ ಪರದೇಶಿ.

ಪಿಕಪ್ಪಿನಲ್ಲಿ ಹೋಗುವಾಗ ವರ್ಲಿನ್ ಕೇಳಿದ, "ಎದ್ದು ಮಾತಾಡ್ಲೇಬೇಕಾ?"

"ಮಾತಾಡ್ಲೇಬೇಕು."

"ಸುಮ್ನೆ ಬರ್ದು ಹಾಕಿ ಬಂದ್ರೆ ಆಗಲ್ವಾ?"

"ಮೂವತ್ತೆಂಟು ವರ್ಷ ಸಂಸಾರ ಮಾಡಿದೀಯ. ನಾನು ಸುಮ್ನಿದ್ದಿದ್ದು ನೋಡಿದೀಯಾ?"

"ಒಂದ್ಸಲ. ಹಲ್ಲು ಕೀಳಿಸ್ಕೊಂಡ ದಿನ."

ಡಬ್ಬಿ ನಮ್ಮಿಬ್ಬರ ನಡುವೆ ಸೀಟಿನ ಮೇಲಿತ್ತು. ಬೇಡವೆಂದರೂ ತಂದಿದ್ದೆ. ಒಳಗೆ ಒಯ್ಯುವ ಧೈರ್ಯ ಮಾತ್ರ ಬರಲಿಲ್ಲ, ಅಲ್ಲೇ ಬಿಟ್ಟು ಇಳಿದೆ.

ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ಅರವತ್ತೆಂಟು ಜನ. ಬಾವುಟಕ್ಕೆ ವಂದನೆಯಾಯಿತು. ಓರಿನ್ ಸಭೆಯ ಅಧ್ಯಕ್ಷ. ಒಂದನೇ ತರಗತಿಯಲ್ಲಿ ನನ್ನ ಪಕ್ಕ ಕೂತವನು. ಅವನು ಮೇಜಿನ ಮೇಲೊಂದು ರಟ್ಟಿನ ಪೆಟ್ಟಿಗೆ ಇಟ್ಟ. ಅದರ ನಾಲ್ಕೂ ಮಗ್ಗುಲಿಗೆ ಕ್ರಾಸ್ಬಿಯ ನಗುಮುಖ ಅಂಟಿಸಿತ್ತು. ಚೀಟಿ ತೂರುವ ಸೀಳು ಮುಂದಿನ ಮುಖದ ಬಾಯಿಯಲ್ಲೇ.

ನಾನು ಎದ್ದು ನಿಂತೆ.

"ಓರಿನ್, ಅದು ವೋಟಿನ ಪೆಟ್ಟಿಗೇನಾ, ಅವನ ಹುಟ್ಟುಹಬ್ಬದ ಉಡುಗೊರೇನಾ?"

"ಶುರು ಮಾಡ್ಬೇಡ, ಆರ್ಡಿಸ್."

"ಶುರು ಮಾಡಿದ್ದು ಅಂಟು ಹಚ್ಚಿದವನು. ನಿಲ್ಲೋ ಅಭ್ಯರ್ಥಿ ಮುಖ ಪೆಟ್ಟಿಗೆ ಮೇಲೆ ಇರಬಾರ್ದು. ಕ್ರಾಸ್ಬಿ ಅಂತಲ್ಲ, ಪೆಲ್ ಮುಖ ಇದ್ರೂ ನಾನೇ ಹರೀತಿದ್ದೆ."

ಹಿಂದಿನಿಂದ ಯಾರೋ, "ಕೂತ್ಕೊಳ್ಳೇ" ಅಂದರು. ಆಗ ನನ್ನ ಬಲಗಡೆಯಿಂದ ಲವಾನ್ ಸ್ಟಾಡ್ಟ್ ಬಾಯಿಬಿಟ್ಟಳು. ವಯಸ್ಸು ಎಂಬತ್ತೊಂದು, ಪಾದ್ರಿಯ ವಿಧವೆ, ಕ್ರಾಸ್ಬಿಯ ಬ್ಯಾಡ್ಜು ಕೋಟಿಗೆ ಚುಚ್ಚಿಕೊಂಡೇ ಬಂದಿದ್ದವಳು. "ನಾನು ಅವನಿಗೇ ಹಾಕೋದು, ಓರಿನ್. ಹಾಗಂತ ಅವನ ಬಾಯಿಗೆ ಕೈ ಹಾಕಲ್ಲ. ಅಸಹ್ಯ."

ಇಡೀ ಸಭೆ ನಕ್ಕಿತು. ಓರಿನ್‌ನ ಕಿವಿ ಕೆಂಪಾಯಿತು. ಆ ನಗುವಿನಲ್ಲಿ ವರ್ಲಿನ್ ಎದ್ದು ಹೋದದ್ದನ್ನು ನಾನು ನೋಡಿರಲಿಲ್ಲ. ಬಾಗಿಲು ತೆರೆದು ಥಂಡಿ ನುಗ್ಗಿತು. ಬೂಟಿಗೆ ಹಿಮ ಮೆತ್ತಿಕೊಂಡು, ಕಾರ್ಡಿಗೆ ಸಹಿ ಹಾಕಿದ್ದ ನನ್ನ ಗಂಡ ಡಬ್ಬಿ ತಂದು ಮೇಜಿನ ಮೇಲಿಟ್ಟ. ತಳದಲ್ಲಿ ಉಳಿದಿದ್ದ ಒಂದು ಕ್ಲಿಪ್ಪನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಂದು ಕೂತ.

ಓರಿನ್ ಡಬ್ಬಿಯನ್ನೇ ನೋಡಿದ. ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿದ.

ನನ್ನ ಮೂರು ನಿಮಿಷದಲ್ಲಿ ನಾನು ಹೇಳಿದ್ದು ಕಡಿಮೆ. ಪೆಲ್ ಸಪ್ಪೆ ಮನುಷ್ಯ, ಅವನ ಭಾಷಣಕ್ಕೆ ನಾನೂ ಆಕಳಿಸಿದ್ದೇನೆ, ಆದರೆ ಒಪ್ಪಿಗೆ ಇಲ್ಲದೆ ಯಾರ ಹೊಲಕ್ಕೂ ಗೂಟ ಹೊಡೆಯಕೂಡದೆಂಬ ಕಾನೂನಿಗೆ ಅವನು ಸಹಿ ಹಾಕಿದ ಎಂದೆ. "ನಾವು ಆರಿಸೋದು ಕೆಲಸದವನನ್ನ. ಅವನು ನಮ್ಮ ಕಾರ್ಡಿಗೆ ಸಹಿ ಹಾಕ್ಬೇಕು, ನಾವು ಅವನದಕ್ಕಲ್ಲ" ಎಂದು ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಚೀಟಿ ಬರೆದು ಡಬ್ಬಿಗೆ ಹಾಕಿದರು.

ಓರಿನ್ ಒಂದೊಂದೇ ಚೀಟಿ ಬಿಡಿಸಿ ಓದತೊಡಗಿದ. ನನ್ನ ಕಣ್ಣು ಅವನ ಬೆರಳ ಮೇಲೆಯೇ ಇತ್ತು. ಕ್ರಾಸ್ಬಿ. ಕ್ರಾಸ್ಬಿ. ಕ್ರಾಸ್ಬಿ. ಒಂಬತ್ತನೆಯದು, "ಪೆಲ್."

"ಬಂದ್ಲು ನೋಡು ಆರ್ಡಿಸ್" ಎಂದು ಹಿಂದಿನ ಬೆಂಚು. ನಕ್ಕರು. ನಾನು ನೆಲ ನೋಡಿದೆ.

ಮತ್ತೆ ಕ್ರಾಸ್ಬಿ, ಐದಾರು. ಆಮೇಲೆ, "ಪೆಲ್."

"ಎರಡು ಹಾಕಿದೀಯೇನೇ?" ಮತ್ತೆ ನಗು, ತುಸು ಸಣ್ಣದು.

ಮೂರನೆಯದಕ್ಕೆ ಯಾರೂ ನಗಲಿಲ್ಲ. ನಾಲ್ಕನೆಯದಕ್ಕೆ ಜನ ಪಕ್ಕದವರ ಮುಖ ನೋಡಿಕೊಂಡರು. ಏಳರ ಹೊತ್ತಿಗೆ ನಾನು ಎಣಿಸುವುದನ್ನು ಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದು, ಆಗಷ್ಟೇ ಕಾಫಿಯ ವಾಸನೆ ಮೂಗಿಗೆ ಬಂತು. ಅದು ಸಂಜೆಯಿಂದಲೂ ಅಲ್ಲೇ ಕುದಿಯುತ್ತಿತ್ತು.

ಕ್ರಾಸ್ಬಿಗೆ ನಲವತ್ತೊಂಬತ್ತು, ಪೆಲ್‌ಗೆ ಹದಿನಾಲ್ಕು, ಉಳಿದವರಿಗೆ ಐದು. ಸೋಲು ಸೋಲೇ, ಅದಕ್ಕೆ ಸಕ್ಕರೆ ಹಚ್ಚುವುದಿಲ್ಲ. ಆದರೆ ನನ್ನನ್ನು ಬಿಟ್ಟು ಹದಿಮೂರು ಜನ ಈ ಕೋಣೆಯಲ್ಲಿ ಅಂಗೈ ಮರೆಮಾಡಿ ನನ್ನ ಹಾಗೇ ಬರೆದಿದ್ದರು. ಯಾರೆಂದು ನಾನು ಹುಡುಕಲಿಲ್ಲ. ಹುಡುಕಬಾರದೆಂದೇ ತಾನೇ ಚೀಟಿ ಇರುವುದು.

ಎಣಿಕೆ ಮುಗಿದದ್ದೇ ಜನ ಕೋಟು ಹಾಕಿಕೊಂಡು ಖಾಲಿಯಾದರು. ಉಳಿದ ಒಂಬತ್ತು ಜನರ ಮುಂದೆ ಓರಿನ್ ಹಾಳೆ ಹಿಡಿದು ನಿಂತ. "ಮಾರ್ಚಿನ ಜಿಲ್ಲಾ ಸಭೆಗೆ ನಮ್ಮೂರಿಂದ ಯಾರ್ ಹೋಗ್ತೀರಿ? ಇಡೀ ಶನಿವಾರ." ಎಲ್ಲರೂ ಕೈಗವಸು ಹುಡುಕತೊಡಗಿದರು.

"ಆರ್ಡಿಸ್, ನಿನ್ ಹೆಸರು ಬರ್ಕೊಳ್ಲಾ?"

"ಕಾರ್ಡಿಗೆ ಸಹಿ ಹಾಕದವಳು ನಾನು."

"ಗೊತ್ತು ಮಾರಾಯ್ತಿ. ಇದಕ್ಕೆ ಹಾಕು."

ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಊರಿನ ಹೆಸರಿತ್ತು, ತಾರೀಖಿತ್ತು, ಖಾಲಿ ಗೆರೆಗಳಿದ್ದವು. ಯಾವ ಮನುಷ್ಯನ ಹೆಸರೂ ಇರಲಿಲ್ಲ. ಸಹಿ ಹಾಕಿದೆ.

ಪಿಕಪ್ಪು ಬಿಸಿಯಾಗುವವರೆಗೆ ಇಬ್ಬರೂ ಕೈ ಉಜ್ಜಿಕೊಳ್ಳುತ್ತ ಕೂತೆವು.

"ನಾನು ಯಾರಿಗೆ ಬರ್ದೆ ಅಂತ ಕೇಳಲ್ವಾ?" ಅಂದ ವರ್ಲಿನ್.

"ಕೇಳಲ್ಲ."

ಅವನು ಜೇಬಿನಿಂದ ಕ್ಲಿಪ್ಪು ತೆಗೆದು ಡಬ್ಬಿಯೊಳಕ್ಕೆ ಹಾಕಿದ.