ಓಬುಳೇಶನ ಕಡಲು

“ಅಯ್ಯೋ, ಇವಳ್ಯಾವಳಪ್ಪಾ, ಬಟ್ಟೆ ಮರ್ತು ಬಂದ್ಬುಟ್ಟವಳೆ!” ಉಡುಸಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಪ್ಯೂಟರಿನಿಂದ ಮುಖ ತಿರುಗಿಸಿದಳು.

“ಫಾರಿನ್ ಬೀಚು ಕಣವ್ವಾ. ತಡಿ, ಮುಂದಕ್ಕೆ ಹೋಗಾನ,” ಎಂದು ಸ್ಟುಡಿಯೋದ ದಯಾನಂದ್ ನಗುತ್ತಾ ಮೌಸ್ ಒತ್ತಿದ. ಹಿಂದೂಪುರದಲ್ಲಿ ಕೆಲಸ ಕಲಿತು ಕಲ್ಯಾಣದುರ್ಗಕ್ಕೆ ಬಂದು ಅಂಗಡಿ ಇಟ್ಟವನು ಅವನು. ಫೋಟೋದ ಹಿಂದೆ ಕೂರಿಸಲು ಅವನ ಸಿ.ಡಿ.ಯಲ್ಲಿ ಅರಮನೆಯೂ ಇತ್ತು, ಹಿಮದ ಬೆಟ್ಟವೂ ಇತ್ತು. ಉಡುಸಲಮ್ಮ ಮಾತ್ರ ಸಮುದ್ರವೇ ಬೇಕೆಂದು ಹಟ ಹಿಡಿದಿದ್ದಳು.

ಸೊಸೆ ನಾಗರತ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಸೆಟ್ಟೂರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಅವಳ ಗಂಡ ಓಬುಳೇಶ್ ಪಡುವಣ ಕಡಲಿನ ಬಂದರಿಗೆ ಬೋಟಿನ ಕೂಲಿಗೆ ಹೋದವನು. ಹೋದ ಕಾರ್ತಿಕದ ಗಾಳಿಗೆ ಬೋಟು ಮಗುಚಿತು. ಜೊತೆಯವರ ಹೆಣ ಸಿಕ್ಕವು, ಅವನದು ಸಿಗಲಿಲ್ಲ. ಕತೆಯ ರಾಜಕುಮಾರ ಏಳು ಸಮುದ್ರ ದಾಟಿ ಕೀಳು ಸಮುದ್ರ ದಾಟಿ ಹೋದರೂ, ಅವನನ್ನು ತಿರುಗಿ ಮನೆಯ ಹೊಸ್ತಿಲಿಗೆ ತಂದು ಬಿಡದೆ ಯಾವ ಅಜ್ಜಿಯೂ ದೀಪ ಆರಿಸುವುದಿಲ್ಲ. ಉಡುಸಲಮ್ಮನೂ ಹಾಗೇ ಕಾದಳು. “ಬದುಕಿರೋನ್ಗೆ ಅತ್ರೆ ಅವನ ಆಯುಸ್ಸು ಸವೀತದೆ ಕಣಮ್ಮಿ,” ಎಂದು ಸೊಸೆಯ ಕಣ್ಣಿಂದ ಒಂದು ಹನಿ ಬೀಳಗೊಡಲಿಲ್ಲ. ನಾಗರತ್ನಳ ಎದೆಯೊಳಗೆ ಅಳು ನೆನೆಹಾಕಿದ ಹುರುಳಿಯ ಹಾಗೆ ಉಬ್ಬುತ್ತಲೇ ಇತ್ತು.

ವರ್ಷ ತುಂಬುತ್ತಾ ಬಂತು, ಪಟ ಇಟ್ಟು ಕರ್ಮ ಮುಗಿಸಿ ಎಂದು ಊರ ಹಿರಿಯರು ಗದರಿದ ಮೇಲೆ ಅತ್ತೆ ಪಟಕ್ಕೇನೋ ಒಪ್ಪಿದಳು. ಆದರೆ ಮಗನ ಪಕ್ಕದಲ್ಲಿ ತಾನೂ ಇರಬೇಕಂತೆ. ಸತ್ತವರ ಜೊತೆ ಬದುಕಿರುವವರನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿ ಯಾರು ಹಾರ ಹಾಕುತ್ತಾರೆ? ಆ ಪಟದ ಮುಂದೆ ಕರ್ಮ ನಡೆಯದು. ಕರ್ಮ ನಡೆಯದೆ ಅಳುವಂತಿಲ್ಲ. ನಾಗರತ್ನ ಇದನ್ನೇ ಯೋಚಿಸುತ್ತಾ ಉಗುರು ಕಚ್ಚುತ್ತಿದ್ದಳು.

“ಇದು ನೋಡವ್ವಾ, ತೆಂಗಿನ ಮರ ಐತೆ.”

“ಮರ ಬಗ್ಗೋಗೈತೆ. ಗಾಳಿ ಜಾಸ್ತಿ ಅಲ್ಲಿ. ಬ್ಯಾಡ.”

“ಇದು?”

“ಬರೀ ಬಂಡೆ. ಅಲೆ ಹೆಂಗೆ ಎಗರ್ತದೆ ನೋಡು! ತೆಗಿ, ತೆಗಿ.”

“ಏಮವ್ವಾ, ಹೆಣ್ಣು ನೋಡಾಕೆ ಬಂದೋರಂಗೆ ಎಲ್ಲಾದ್ಕೂ ಕೊಂಕು ತೆಗೀತೀಯಲ್ಲ!”

ಮುಂದೆ ಬಂದದ್ದು ಎಣ್ಣೆ ಸವರಿದಂತೆ ನುಣ್ಣಗೆ ಮಲಗಿದ ನೀರು. ಉಡುಸಲಮ್ಮನ ಮುಖ ಅರಳಿತು. “ಇದೇ ಕಣಪ್ಪ! ಫೋನಲ್ಲಿ ಹೇಳ್ತಿದ್ದ. ಸಮುದ್ರ ಅಂದ್ರೆ ನಮ್ಮೂರ ಕೆರೆ ಇದ್ದಂಗೆ ಕಣವ್ವಾ, ಒಸಿ ದೊಡ್ದು ಅಷ್ಟೇ, ನಿನ್ನ ಕರ್ಕೊಂಬಂದು ದಡದಾಗೆ ಕುಂಡ್ರಿಸ್ತೀನಿ ಅಂತ. ಇಂತಾ ನೀರ್ನಾಗೆ ಯಾರಾನ ಮುಳುಗ್ತಾರಾ? ಎಲ್ಲೋ ದಡ ಸೇರವನೆ. ಇಲ್ಲೇ ಕುಂಡ್ರಿಸು ನನ್ನ.”

ಓಬುಳೇಶನದೆಂದು ಇದ್ದದ್ದು ಮದುವೆಯ ಫೋಟೋ ಒಂದೇ. ದಯಾನಂದ್ ಅವನನ್ನು ಮದುವಣಗಿತ್ತಿಯಿಂದ ಕತ್ತರಿಸಿ ತಂದು ಮರಳಿನ ಮೇಲೆ ನಿಲ್ಲಿಸಿದ. ಗಂಡನ ಬೆರಳಿಗೆ ಹೆಣೆದುಕೊಂಡಿದ್ದ ನಾಗರತ್ನಳ ಕಿರುಬೆರಳು ಅವನ ಕೈಯಲ್ಲೇ ಉಳಿದುಬಿಟ್ಟಿತ್ತು. ಅದನ್ನು ಮೌಸಿನಿಂದ ಉಜ್ಜಿ ಉಜ್ಜಿ ಅಳಿಸಿದ.

“ಅದಲ್ಲ ಅತ್ತೆ.”

ಇಬ್ಬರೂ ತಿರುಗಿ ನೋಡಿದರು.

“ಅದು ಅವ್ರ ಸಮುದ್ರ ಅಲ್ಲ. ಆ ಬಂಡೆ ಇತ್ತಲ್ಲ, ಅದು.” ನಾಗರತ್ನ ಕೂತಲ್ಲಿಂದಲೇ ಕಂಪ್ಯೂಟರಿನತ್ತ ಬೆರಳು ತೋರಿಸಿದಳು. “ನಿಂಗೆ ಕೆರೆ ಅಂತಿದ್ರು. ನೀನು ಫೋನು ನನ್ನ ಕೈಗೆ ಕೊಟ್ಟು ಆಚೆ ಹೋದ್ಮ್ಯಾಲೆ, ಅಲೆ ಮನೆ ಎತ್ರ ಬತ್ತದೆ ನಾಗ್ರತ್ನಾ, ಸೊಂಟಕ್ಕೆ ಹಗ್ಗ ಬಿಗ್ಕೊಂಡು ಮಲಗ್ತೀನಿ, ಭಯ ಆಯ್ತದೆ, ಅವ್ವಂಗೆ ಹೇಳ್ಬ್ಯಾಡ, ಅಂತಿದ್ರು.”

ಉಡುಸಲಮ್ಮ ಆ ನುಣ್ಣನೆಯ ನೀರನ್ನು ಬಹಳ ಹೊತ್ತು ನೋಡಿದಳು.

“ನನ್ತಾವ ಸುಳ್ಳು ಹೇಳ್ತಿದ್ನಾ, ನನ್ಮಗ,” ಎಂದಳು ಕೊನೆಗೆ. “ಆ ಬಂಡೇದು ಹಾಕಪ್ಪ.”

ಬಂಡೆಗಳು ಬಂದವು. ಓಬುಳೇಶನ ಬರಿಗಾಲ ಬೆರಳಿನ ತನಕ ನೊರೆ ಬಂತು.

“ಪಕ್ಕದಾಗೆ ಜಾಗ ಬಿಟ್ಟಿವ್ನಿ. ನಿನ್ನ ಫೋಟೋ ತೆಗೀಲಾ ಅವ್ವಾ?”

“ನಾನು ಬ್ಯಾಡ. ಅವನೊಬ್ಬನ್ದೇ ಮಾಡು. ಹಾರ ಹಾಕು.” ಅವಳ ಬೆರಳು ಗಾಜಿನ ಮೇಲೆ ಮಗನ ಪಾದದ ಹತ್ತಿರ ನಿಂತಿತು. “ಈ ನೀರು ಒಸಿ ಹಿಂದಕ್ಕೆ ತಳ್ಳಪ್ಪ ನಾಯ್ನಾ.”

ದಯಾನಂದ್ ಈಗ ನಗಲಿಲ್ಲ. ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಮರಳು ತಂದು ನೊರೆಯನ್ನು ಮುಚ್ಚತೊಡಗಿದ.

“ಸಾಕಾ?”

“ಇನ್ನೊಸಿ.”

ಆಮೇಲೆ ಅವಳು ಸೊಸೆಯ ಪಕ್ಕ ಹೋಗಿ ನೆಲದ ಮೇಲೆ ಕೂತಳು. “ಅಳು ಕಣಮ್ಮಿ,” ಎಂದಳು.

ನಾಗರತ್ನ ಬಾಯಿ ತೆರೆದಳು. ಮೊದಲು ಸದ್ದೇ ಬರಲಿಲ್ಲ. ವರ್ಷವಿಡೀ ಒಳಗಿದ್ದ ಅಳುವಿಗೆ ದಾರಿ ಮರೆತಿತ್ತು. ಬಂದಾಗ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದು ಬಂದರು.

ಪ್ರಿಂಟರು ಮೊದಲು ಆಕಾಶವನ್ನು ಹೊರಗೆ ಬಿಟ್ಟಿತು. ಆಮೇಲೆ ಕಡಲು, ತಲೆಗೂದಲು, ಮುಖ, ಹಾರ. ಕಟ್ಟಕಡೆಗೆ ಮರಳು.

“ಮುಟ್ಬ್ಯಾಡ್ರಮ್ಮಾ, ಇಂಕು ಹಸಿ ಐತೆ,” ಎಂದ ದಯಾನಂದ್.

ಉಡುಸಲಮ್ಮ ಪಟವನ್ನು ಎರಡು ಅಂಗೈಗಳ ಮೇಲೆ ಇಟ್ಟುಕೊಂಡು, ತಲೆ ಬಗ್ಗಿಸಿ, ಮಗನ ಪಾದಗಳ ಮೇಲೆ ಮೆಲ್ಲಗೆ ಊದತೊಡಗಿದಳು.