ಎರಡನೆಯ ಹೆಜ್ಜೆಯಲ್ಲಿ

ಬಚ್ಚಲಲ್ಲಿ ವಾಷಿಂಗ್ ಮೆಷಿನ್ ಗಿರಗಿರ ಅನ್ನುತ್ತಿದೆ, ಬಾಗಿಲು ಹಾಕಿದ್ದರೂ ಸದ್ದು ಮೈಕಿಗೆ ಹೋಗುತ್ತಿದೆಯೋ ಏನೋ, ಆಮೇಲೆ ಹಾಕಬಹುದಿತ್ತು, ಆದರೆ ಮಗನ ಶಾಲೆಯ ಅಂಗಿ ನಾಳೆಗೆ ಒಣಗಬೇಕಲ್ಲ — ಇತ್ತ ಪರದೆಯ ಮೇಲೂ, ಸಾಫ್ಟ್‌ವೇರ್ ಹಾಕಿಕೊಳ್ಳುವ ಎರಡನೆಯ ಹೆಜ್ಜೆಯಲ್ಲಿ, ಒಂದು ಪುಟ್ಟ ಚಕ್ರ ತಿರುಗುತ್ತಲೇ ಇದೆ, ಅವಳು ಕ್ಯಾಮೆರಾ ನೋಡಿ ನಗುತ್ತಾಳೆ, ಒಂದೇ ನಿಮಿಷ, ಈಗ ಆಗಿಬಿಡುತ್ತೆ, ಅನ್ನುತ್ತಾಳೆ, ಸ್ವಲ್ಪ ಹೊತ್ತಿನ ಹಿಂದೆಯೂ ಇದನ್ನೇ ಅಂದಿದ್ದಳು. ನೇರಪ್ರಸಾರ, ಕತ್ತರಿಸುವಂತಿಲ್ಲ. ಎದುರಿಗೆ ಬರೀ ಗೋಡೆ, ಗೋಡೆಗೆ ನೇತುಹಾಕಿದ ಟವೆಲು, ಆದರೆ ಆಚೆ ಎಲ್ಲೆಲ್ಲೋ ಪ್ರೋಗ್ರಾಮರುಗಳು ಕೂತು ನೋಡುತ್ತಿದ್ದಾರೆ, ಕಂಪನಿಯ ಸಾಫ್ಟ್‌ವೇರನ್ನು ಅವರು ಬಳಸುವಂತೆ, ಮೆಚ್ಚುವಂತೆ, ಇನ್ನೂ ನಾಲ್ಕು ಜನಕ್ಕೆ ಹೇಳುವಂತೆ ಮಾಡುವುದೇ ಅವಳ ಕೆಲಸ. ಅಂದ್ರೆ ಕಂಪ್ಯೂಟರ್‌ನೋರನ್ನ ಕೂರಿಸ್ಕೊಂಡು ಕಥೆ ಹೇಳೋದು ಅನ್ನು, ಎಂದು ಅತ್ತಿಗೆ ನಕ್ಕಿದ್ದಳು, ಅದಕ್ಕೆ ಸಂಬಳಾನೂ ಕೊಡ್ತಾರಾ? ಕೊಡುತ್ತಾರೆ ಅತ್ತಿಗೆ, ಸದ್ಯಕ್ಕೆ ಕೊಡುತ್ತಾರೆ. ಬರೋರೇನೋ ಬರ್ತಾರೆ ಮೇಡಂ, ನಿಲ್ಲೋರು ಎಲ್ಲಿ, ಎಂದಿದ್ದ ಮೊನ್ನೆ ಮ್ಯಾನೇಜರು, ಈ ಸಲಾನೂ ಜನ ನಿಲ್ಲದಿದ್ರೆ ಕಾರ್ಯಕ್ರಮಾನೇ ಮುಚ್ಚಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ಹಳೇ ಲ್ಯಾಪ್‌ಟಾಪ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಅದರೊಳಗೆ ಬೇಕಾದ್ದೆಲ್ಲ ಎಂದೋ ಬಂದು ಕೂತಿತ್ತು, ಅದರ ಮೇಲೆ ಮಗ ಹಾಲು ಚೆಲ್ಲಿದ, ಅದಕ್ಕೂ ಹಸಿವಾಗಿತ್ತಮ್ಮಾ ಅಂದ, ಬೈಯಲು ಹೋದವಳು ನಕ್ಕುಬಿಟ್ಟಳು. ಇದು ನಿನ್ನೆ ಬಂದ ಹೊಸದು, ಏನೂ ಅರಿಯದ ಕೂಸು — ಚಕ್ರ ನಿಂತಿತು, ಸದ್ಯ, ಅಯ್ಯೋ ಇಲ್ಲ, ಕೆಂಪು ಸಾಲು, ಸಿಗಲಿಲ್ಲ ಎಂದಷ್ಟೇ ಬರೆದಿದೆ, ಏನು ಸಿಗಲಿಲ್ಲ ಮಹಾರಾಯ, ಅದನ್ನಾದರೂ ಹೇಳಬಾರದೆ.

ಮೂಲೆಯಲ್ಲಿ ನೋಡುಗರ ಅಂಕಿ ಇಳಿಯುತ್ತಿದೆ. ಫೋನು ಗುರ್ರೆಂದಿತು, ಮ್ಯಾನೇಜರದೇ ಮೆಸೇಜು, ಮೇಡಂ ರೆಡಿ ಇರೋ ವಿಡಿಯೊ ಹಾಕಿಬಿಡಿ, ಯಾರಿಗೂ ಗೊತ್ತಾಗಲ್ಲ. ಒಂದು ಗುಂಡಿ ಒತ್ತಿದರೆ ಆಯಿತು, ಹಳೇ ಲ್ಯಾಪ್‌ಟಾಪಿನಲ್ಲಿ ಮಾಡಿಟ್ಟದ್ದು, ಅದರಲ್ಲಿ ಎಲ್ಲ ಸರಾಗ, ಎರಡನೆಯ ಹೆಜ್ಜೆ ತುಂಬಾ ಸುಲಭ, ನಿಮ್ಮಲ್ಲೂ ಆಗಿರುತ್ತೆ, ಮುಂದಕ್ಕೆ ಹೋಗೋಣ — ಆಗಿರುತ್ತೆ! ಪ್ರತಿ ವಿಡಿಯೊದಲ್ಲೂ ಜನ ಎದ್ದುಹೋಗುತ್ತಿದ್ದದ್ದು ಸರಿಯಾಗಿ ಇಲ್ಲೇ ಅಲ್ಲವೆ, ನೋಡುಗರ ಗ್ರಾಫಿನ ಗೆರೆ ಇಲ್ಲಿಯೇ ದೊಪ್ಪನೆ ಬೀಳುತ್ತಿತ್ತು, ಅವಳು ತನ್ನ ದನಿಯೇ ಸಪ್ಪೆ ಅಂದುಕೊಂಡು ಮೈಕು ಬದಲಾಯಿಸಿದಳು, ದೀಪ ಬದಲಾಯಿಸಿದಳು, ಕನ್ನಡಿ ಮುಂದೆ ನಿಂತು ಜೋಕು ಅಭ್ಯಾಸ ಮಾಡಿದಳು, ದೇವರೇ. ಇಲ್ಲಿ ಸಿಕ್ಕಿಕೊಂಡೆ ಎಂದು ಒಬ್ಬರಾದರೂ ಬರೆಯಲಿಲ್ಲ. ಹೇಗೆ ಬರೆದಾರು, ಸುಲಭ ಅಂದವಳ ಮುಂದೆ ನನಗೆ ಬರಲಿಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ, ಲೇಸು ಕಟ್ಟೋದು ಇಷ್ಟೇ ಕಣೋ ಅಂದ ದಿನ ಮಗ ತುದಿಗಳನ್ನು ಶೂ ಒಳಗೆ ತುರುಕಿಕೊಂಡು, ಆಯ್ತಮ್ಮಾ, ಎಂದು ಓಡಿದ್ದ, ಸಂಜೆ ಹಿಮ್ಮಡಿಯಲ್ಲಿ ಬೊಬ್ಬೆ. ಪಕ್ಕದ ಚಾಟ್ ಪೆಟ್ಟಿಗೆಯಲ್ಲಿ ತೆಳ್ಳಗೆ ಒಂದು ಸಾಲು, ಯಾರೋ ಬರೆಯುತ್ತಿದ್ದಾರೆ, ಮೂಡಿತು, ಅಳಿಯಿತು. ಬರೆದು ಅಳಿಸಿಬಿಟ್ಟರು. ಮೇಡಂ ವಿಡಿಯೊ, ಫೋನು ಮತ್ತೆ ಗುರ್ರೆನ್ನುತ್ತದೆ, ಮೇಡಂ ಪ್ಲೀಸ್, ಬೆರಳು ಗುಂಡಿಯ ಮೇಲೇ ಇದೆ, ಒತ್ತಿದರೆ ಈ ತಿಂಗಳು ದಾಟಬಹುದು — ಯಾರೋ ಬರೆಯುತ್ತಿದ್ದಾರೆ, ಮತ್ತೆ ಅಳಿಯಿತು — ಅವಳು ಬೆರಳು ತೆಗೆದು ಫೋನನ್ನು ಬೋರಲು ಹಾಕುತ್ತಾಳೆ, ಮೈಕಿನತ್ತ ಬಾಗುತ್ತಾಳೆ. ನನಗೂ ಇಲ್ಲಿ ಆಗ್ತಿಲ್ಲ ನೋಡಿ. ಯಾಕೇಂತ ನನಗೂ ಗೊತ್ತಿಲ್ಲ. ನಾನು ಸುಲಭ ಅಂದಿದ್ದೆ, ತಪ್ಪಾಯ್ತು. ನಿಮಗೂ ಇಲ್ಲೇ ನಿಂತಿತ್ತಾ? ಅಂಕಿ ಇನ್ನೊಂದಿಷ್ಟು ಇಳಿಯಿತು. ಗೋಡೆ, ಟವೆಲು. ಪೆಟ್ಟಿಗೆ ಖಾಲಿ. ಯಾರೋ ಬರೆಯುತ್ತಿದ್ದಾರೆ. ಅಳಿಯಲಿಲ್ಲ. ಬರೆಯುತ್ತಲೇ ಇದ್ದಾರೆ. ಆಮೇಲೆ ಆ ಸಾಲೇ ಬದಲಾಯಿತು — ಹಲವರು ಬರೆಯುತ್ತಿದ್ದಾರೆ — ಹಲವರು —