ಅತ್ತೆ ಹಾಕಿದ ರುಜು

ಆ ಶಿಶಿರ ಪ್ರಭಾತ! ಜುಲೈಯಲ್ಲಿ ಚಳಿಗಾಲ ಕಾಣುವ ದಕ್ಷಿಣಗೋಳದ ಒಟಾಗೊ ಸೀಮೆಯ ಗಿರಿಶ್ರೇಣಿಗಳ ಮೇಲೆ ಹಿಮವು ಧವಳ ದುಕೂಲದಂತೆ ಹಾಸಿತ್ತು. ಕುರಿಮಂದೆಗಳ ಉಸಿರು ಮಂಜಿನೊಡನೆ ಬೆರೆತು ಎಳೆಬಿಸಿಲಿನಲ್ಲಿ ಹೊಂಬಣ್ಣದ ಧೂಪದಂತೆ ಮೇಲೇಳುತ್ತಿತ್ತು... ಅರವತ್ತರ ಇಳಿವಯಸ್ಸಿನಲ್ಲಿಯೂ ಇಸ್ಬೆಲ್ ಕಣ್ಣು ಮುಚ್ಚಿದರೆ ಸಾಕು, ಸಹೃದಯರೇ, ೧೮೯೩ರ ಜುಲೈ ತಿಂಗಳ ಆ ಮುಂಜಾವು ಅವಳ ಅಂತರಂಗದಲ್ಲಿ ಮತ್ತೆ ಬೆಳಗುತ್ತಿತ್ತು!

ಸ್ತ್ರೀಯರಿಗೆ ಮತದಾನದ ಹಕ್ಕು ಕೇಳುವ ಮನವಿಪತ್ರವನ್ನು ಎದೆಗವಚಿಕೊಂಡು ಮನೆಮನೆ ಅಲೆಯುತ್ತಿದ್ದ ತರುಣಿ ಇಸ್ಬೆಲ್ ಅಂದು ತನ್ನ ಪ್ರಿಯತಮ ಹೆಕ್ಟರನ ಅಡಿಗೆಮನೆಗೇ ಬಂದಿದ್ದಳು. ಅವನ ತಂದೆ ಊರ ಪಾನಗೃಹದ ಒಡೆಯ. ಹೆಂಗಸರಿಗೆ ಮತ ಬಂದರೆ ಮದ್ಯ ನಿಷೇಧವಾಗಿ ತನ್ನ ಬಾಗಿಲಿಗೆ ಬೀಗ ಬೀಳುವುದೆಂದು ನಂಬಿದ್ದವನು.

"ಕಾಗದ ಮಡಚಿಡು ಇಸ್ಬೆಲ್," ಎಂದ ಹೆಕ್ಟರ್, ತಗ್ಗಿದ ದನಿಯಲ್ಲಿ. "ಅಪ್ಪ ನೋಡಿದ್ರೆ ನಮ್ಮ ಮದ್ವೆ ಮಾತು ಇಲ್ಲಿಗೇ ಮುರಿದು ಬೀಳುತ್ತೆ."

"ನಾನು ಬಂದಿರೋದು ನಿಮ್ಮಮ್ಮನ್ನ ಕೇಳೋಕೆ, ನಿನ್ನನ್ನಲ್ಲ."

ಹಿಟ್ಟು ನಾದುತ್ತಿದ್ದ ತಾಯಿ ಗ್ರಿಜೆಲ್ ಕೈ ಒರೆಸಿಕೊಂಡಳು. "ಕೊಡಿಲ್ಲಿ, ಮಗಳೇ. ಮದ್ವೆ ದಿನ ಚರ್ಚಿನ ಪುಸ್ತಕದಲ್ಲಿ ಹೆಸರು ಬರೆದದ್ದೇ ಕೊನೆ. ಆಮೇಲೆ ನನ್ನ ಹೆಸರನ್ನ ಯಾರೂ ಕೇಳ್ಲೇ ಇಲ್ಲ!"

ಅವಳು ಕೊನೆಯ ಅಕ್ಷರ ತಿದ್ದುತ್ತಿದ್ದಾಗಲೇ ಯಜಮಾನ ಬಾಗಿಲಲ್ಲಿ ನಿಂತಿದ್ದ. "ಈ ಹುಡುಗಿ ಇನ್ಮೇಲೆ ನನ್ನ ಹೊಸ್ತಿಲು ತುಳೀಕೂಡ್ದು!"

ಹೆಕ್ಟರ್ ತಲೆ ತಗ್ಗಿಸಿದ. ತಂದೆಯ ಗರ್ಜನೆಗಿಂತ ಆ ಮೌನವೇ ಇಸ್ಬೆಲ್‌ಳನ್ನು ಇರಿಯಿತು... ಹಿಮ ಕರಗಿತು, ಸೆಪ್ಟೆಂಬರಿನಲ್ಲಿ ಶಾಸನವೂ ಆಯಿತು. ಊರೆಲ್ಲ ಗಂಟೆ ಬಾರಿಸಿ ಕುಣಿದರೂ ಅವಳ ವಸಂತದಲ್ಲಿ ಮಾತ್ರ ಕೋಗಿಲೆಯಿರಲಿಲ್ಲ.

ನವೆಂಬರಿನ ಮತದಾನದ ದಿನ. ಮತಗಟ್ಟೆಯಾಗಿದ್ದ ಶಾಲೆಗೆ ಬಂದ ಇಸ್ಬೆಲ್‌ಳ ಮುಂದೆ ಒಂದು ಕುದುರೆಗಾಡಿ ನಿಂತಿತು. ಲಗಾಮು ಹಿಡಿದವನು ಹೆಕ್ಟರ್; ಹಿಂದೆ, ಭಾನುವಾರದ ಟೋಪಿ ಧರಿಸಿದ ಗ್ರಿಜೆಲ್!

"ಅಪ್ಪ ಮನೆಯಿಂದ ಆಚೆ ಹಾಕಿದ," ಎಂದನವನು. "ಅಮ್ಮನ್ನ ಗಾಡಿ ಹತ್ತಿಸಿದ್ದಕ್ಕೆ. ಅವತ್ತೇ ಬಾಯಿ ಬಿಡಬೇಕಿತ್ತು ನಾನು... ಕ್ಷಮಿಸ್ತೀಯಾ?"

"ಮೊದ್ಲು ಮತ ಹಾಕಿ ಬರ್ತೀನಿ. ಆಮೇಲೆ ಯೋಚಿಸ್ತೀನಿ!" ಎಂದು ಅತ್ತೆಯಾಗಲಿದ್ದವಳ ತೋಳು ಹಿಡಿದು ಇಸ್ಬೆಲ್ ಒಳನಡೆದಳು. ಹೊರಬಂದಾಗ ಇಬ್ಬರೂ ಅಳುತ್ತಿದ್ದರು, ನಗುತ್ತಲೂ ಇದ್ದರು.

ಮದುವೆಯೇನೋ ಆಯಿತು; ಮಾವ ಮಾತ್ರ ಸಾಯುವವರೆಗೂ ಅವರ ಮನೆಗೆ ಕಾಲಿಡಲಿಲ್ಲ. ಹೆಕ್ಟರ್ ಮೂವತ್ತೆಂಟು ವರ್ಷ ಜೊತೆಗಿದ್ದು ಮೊನ್ನೆಯ ಶರತ್ಕಾಲದಲ್ಲಿ ತೀರಿಕೊಂಡ... ಒಲವು ಬಾಗಿಲಿಗೆ ತಡವಾಗಿ ಬಂದರೂ, ತಲೆ ಎತ್ತಿ ಬಂದರೆ ಅದನ್ನು ಒಳಗೆ ಕರೆದುಕೊಳ್ಳುವುದೇ ಹೃದಯದ ಧರ್ಮವಲ್ಲವೇ!